ತಬ್ಬಲಿ ಹುಡುಗ ಕಟ್ಟಿದ ಕಥೆಯ ಮನೆ

ಎಂಬತ್ತರ ದಶಕದಲ್ಲಿ ರಾಜಾಜಿನಗರ, ವಿಜಯನಗರ, ಬಸವೇಶ್ವರನಗರದ ಕಡೆ ಬೆಳೆದವರಿಗೆ ಸಂಜೆ ನಾಲ್ಕೂವರೆಯ ಮನೆ ಹೇಗಿರುತ್ತಿತ್ತೆಂಬುದು ಮರೆತಿರಲಿಕ್ಕಿಲ್ಲ. ಕೈಗಾರಿಕೆಗಳ ನೆರಳಲ್ಲಿ ಬೆಳೆದ ಬಡಾವಣೆಗಳಿವು. ಅಪ್ಪ ಸೆಕೆಂಡ್ ಶಿಫ್ಟಿಗೆ ಹೋದರೆಂದರೆ ವಾಪಸಾಗುವುದು ಮಕ್ಕಳು ಮಲಗಿದ ಮೇಲೆ. ಅಮ್ಮ ಟೀಚರೋ, ಬ್ಯಾಂಕಿನ ಗುಮಾಸ್ತೆಯೋ, ಗಾರ್ಮೆಂಟ್ಸಿನವಳೋ ಆಗಿದ್ದರೆ ಬಸ್ಸಿಳಿಯುವ ಹೊತ್ತಿಗೆ ದೀಪ ಹಚ್ಚುವ ಸಮಯವಾಗಿರುತ್ತಿತ್ತು. ಊರಿನ ತುಂಬಿದ ಮನೆ ಬಿಟ್ಟು ಬೆಂಗಳೂರಿಗೆ ಬಂದ ಮೊದಲ ತಲೆಮಾರು ಅದು. ಕಥೆ ಹೇಳುವ ಅಜ್ಜಿ ಊರಲ್ಲೇ ಉಳಿದುಬಿಟ್ಟಿದ್ದಳು. ಪಕ್ಕದ ಮನೆಯಿಂದ ಬೀಗದ ಕೈ ಇಸಿದುಕೊಂಡು, ಡಬ್ಬಿಯಲ್ಲಿದ್ದ ಚಕ್ಕುಲಿ ಮುರಿದು ಬಾಯಿಗೆ ಹಾಕಿಕೊಂಡರೆ, ಮುಂದಿನ ಎರಡು ಗಂಟೆ ಮಗುವಿನ ಪಾಲಿಗೆ ಬರೀ ಗೋಡೆ.

ಆ ಎರಡು ಗಂಟೆಗಳನ್ನು ತುಂಬಿದ್ದು ಅಡ್ಡರಸ್ತೆಗಳಲ್ಲಿದ್ದ ಬಾಡಿಗೆ ಪುಸ್ತಕದಂಗಡಿಗಳು. ಒಂದೇ ಕೋಣೆ, ಮೂರು ಕಡೆ ಹಲಗೆ, ಬಾಗಿಲಲ್ಲಿ ಮೇಜು ಹಾಕಿಕೊಂಡು ಕೂತ ಮಾಲೀಕರು. ಮೇಲಿನ ಹಲಗೆಗಳಲ್ಲಿ ಅಮ್ಮಂದಿರ ತ್ರಿವೇಣಿ, ಸಾಯಿಸುತೆ. ಕೆಳಗಿನ ಸಾಲಿನಲ್ಲಿ, ಕುಕ್ಕರಗಾಲಲ್ಲಿ ಕೂತರಷ್ಟೇ ಸಿಗುವಂತೆ ಚಂದಮಾಮ, ಬಾಲಮಿತ್ರ, ಇಂದ್ರಜಾಲ ಕಾಮಿಕ್ಸ್, ಅಮರ ಚಿತ್ರ ಕಥೆ, ಟಿಂಕಲ್. ಪುಸ್ತಕ ಬೇಗ ಹಾಳಾಗದಿರಲೆಂದು ಬೆನ್ನಿಗೆ ದಪ್ಪ ದಾರದ ಹೊಲಿಗೆ, ರಟ್ಟಿನ ಅಂಚಿಗೆ ಹಳದಿಗಟ್ಟಿದ ಟೇಪು. ಒಳಪುಟದಲ್ಲಿ ಹಿಂದೆ ಓದಿದ ಯಾವುದೋ ಮಗು ರಾಕ್ಷಸನ ಮೀಸೆಯನ್ನು ಬಾಲ್‌ಪೆನ್ನಿನಲ್ಲಿ ಇನ್ನಷ್ಟು ಉದ್ದ ಎಳೆದಿರುತ್ತಿತ್ತು. ಒಂಟಿಯಾಗಿ ಕೂತು ಓದುವ ಮಗುವಿಗೆ ಆ ಮೀಸೆ ದೊಡ್ಡ ಸಮಾಧಾನ. ತನ್ನಂತೆಯೇ ಇನ್ನೊಬ್ಬರು ಇದೇ ಪುಟದ ಮುಂದೆ ಒಬ್ಬರೇ ಕೂತಿದ್ದರು ಎಂಬುದಕ್ಕೆ ಅದು ಗುರುತು.

ಆ ಕೆಳಗಿನ ಸಾಲಿನ ಹಲವು ಪುಸ್ತಕಗಳ ಹಿಂದೆ ಇದ್ದವರು ನಮ್ಮದೇ ಕರಾವಳಿಯ ಕಾರ್ಕಳದವರು: ಅನಂತ ಪೈ. ದೇಶದ ಮಕ್ಕಳಿಗೆಲ್ಲ ಅಂಕಲ್ ಪೈ. ಅವರು ಕುಂಚ ಹಿಡಿದ ಕಲಾವಿದರಲ್ಲ. ಕಥೆ ಬರೆದವರು, ಬರೆಸಿದವರು, ಯಾವ ಚೌಕದಲ್ಲಿ ಯಾರು ನಿಂತು ಏನು ಹೇಳಬೇಕೆಂದು ಚಿತ್ರಕಾರರ ಜೊತೆ ಕೂತು ತೀರ್ಮಾನಿಸಿದವರು. ಅವರ ಬಗ್ಗೆ ಮಾತಾಡುವಾಗ ಜನ ಸಾಮಾನ್ಯವಾಗಿ ಪುರಾಣ, ಸಂಸ್ಕೃತಿ, ಇತಿಹಾಸ ಎನ್ನುತ್ತಾರೆ. ನನಗೆ ಅವರು ಮುಖ್ಯರಾಗುವುದು ಬೇರೆ ಕಾರಣಕ್ಕೆ. ಒಂಟಿ ಮಗುವಿಗೆ ಬೇಕಾದದ್ದು ಉಪದೇಶವಲ್ಲ, ಜೊತೆ. ಆ ಜೊತೆಯನ್ನು ಕಾಗದದ ಮೇಲೆ ಹೇಗೆ ಒದಗಿಸಬಹುದು ಎಂಬುದನ್ನು ನಮ್ಮಲ್ಲಿ ಅವರಷ್ಟು ದೊಡ್ಡ ಪ್ರಮಾಣದಲ್ಲಿ ಮಾಡಿ ತೋರಿಸಿದವರು ಇನ್ನೊಬ್ಬರಿಲ್ಲ.

ಅನಂತ ಪೈ ಹುಟ್ಟಿದ್ದು 1929ರ ಸೆಪ್ಟೆಂಬರ್ 17ರಂದು. ಮನೆಮಾತು ಕೊಂಕಣಿ, ತಂದೆ ವೆಂಕಟರಾಯ ಪೈ, ತಾಯಿ ಸುಶೀಲಾ. ಮಗುವಿಗೆ ಎರಡು ವರ್ಷ ತುಂಬುವಷ್ಟರಲ್ಲಿ ತಂದೆ ತಾಯಿ ಇಬ್ಬರೂ ಇಲ್ಲವಾದರು. ಬಂಧುಗಳ ಆಸರೆಯಲ್ಲಿ ಬೆಳೆದ ಹುಡುಗ ಹನ್ನೆರಡನೆಯ ವಯಸ್ಸಿಗೆ ಊರು ಬಿಟ್ಟು ಮುಂಬಯಿ ಸೇರಿದ. ಗೊಮ್ಮಟನ ಬೆಟ್ಟ, ಆನೆಕೆರೆ, ವೆಂಕಟರಮಣ ದೇವಸ್ಥಾನದ ಪೇಟೆ ಬಿಟ್ಟು ಮಾಹಿಮಿನ ಓರಿಯಂಟ್ ಶಾಲೆಗೆ. ಊರು ಬದಲು, ಭಾಷೆ ಬದಲು, ತನ್ನವರೆನ್ನುವ ತಂದೆ ತಾಯಿ ಇಲ್ಲ. ಆ ವರ್ಷಗಳಲ್ಲಿ ಆ ಹುಡುಗನ ಮನಸ್ಸಿನಲ್ಲಿ ಏನಿತ್ತೆಂದು ನಾವು ಊಹಿಸಿ ಬರೆಯುವುದು ಸರಿಯಲ್ಲ. ಆದರೆ ಮುಂದೆ ಅವರು ಆರಿಸಿಕೊಂಡ ಕೆಲಸವನ್ನು ನೋಡಿದಾಗ ಈ ಬಾಲ್ಯವನ್ನು ಬದಿಗಿಟ್ಟು ನೋಡಲು ನನಗಂತೂ ಸಾಧ್ಯವಾಗಿಲ್ಲ.

ಓದಿದ್ದು ವಿಜ್ಞಾನ. ವಿಲ್ಸನ್ ಕಾಲೇಜು, ಆಮೇಲೆ ಮುಂಬಯಿ ವಿಶ್ವವಿದ್ಯಾಲಯದ ರಾಸಾಯನಿಕ ತಂತ್ರಜ್ಞಾನ ವಿಭಾಗ. ಆ ಕಾಲಕ್ಕೆ ಕೆಮಿಕಲ್ ಎಂಜಿನಿಯರಿಂಗ್ ಅಂದರೆ ಬದುಕು ಗಟ್ಟಿಯಾದಂತೆ. ಅವರ ಮನಸ್ಸು ನಿಂತದ್ದು ಮಾತ್ರ ಮಕ್ಕಳ ಪತ್ರಿಕೆಯ ಮೇಲೆ. 1954ರಲ್ಲಿ 'ಮಾನವ್' ಎಂಬ ಪತ್ರಿಕೆ ಶುರು ಮಾಡಿದರು, ನಡೆಯಲಿಲ್ಲ. ಬಳಿಕ ಟೈಮ್ಸ್ ಆಫ್ ಇಂಡಿಯಾದ ಪುಸ್ತಕ ವಿಭಾಗದಲ್ಲಿ ಕೆಲಸ. 1964ರಲ್ಲಿ ಇಂದ್ರಜಾಲ ಕಾಮಿಕ್ಸ್ ಶುರುವಾದಾಗ ಅವರು ಅಲ್ಲೇ ಇದ್ದರು. ಕಾಡಿನ ಫ್ಯಾಂಟಮ್ ಭಾರತದ ಮನೆಮನೆಗೆ ಬಂದದ್ದನ್ನು ಒಳಗಿನಿಂದ ನೋಡಿದರು.

ಮುಂದಿನ ಕಥೆ ಎಲ್ಲರಿಗೂ ಗೊತ್ತಿರುವಂಥದ್ದು. 1967ರ ಫೆಬ್ರುವರಿ, ದೆಹಲಿ. ಅಂಗಡಿಯೊಂದರಲ್ಲಿ ಟೀವಿಯಲ್ಲಿ ಕ್ವಿಜ್ ನಡೆಯುತ್ತಿದೆ. ಗ್ರೀಕ್ ಪುರಾಣದ ಪ್ರಶ್ನೆಗೆ ಥಟ್ಟನೆ ಉತ್ತರ ಕೊಟ್ಟ ವಿದ್ಯಾರ್ಥಿಗಳು ರಾಮನ ತಾಯಿ ಯಾರು ಎಂದರೆ ತಬ್ಬಿಬ್ಬಾಗುತ್ತಾರೆ. ಅದನ್ನು ಕಂಡ ಪೈ ಕೆಲಸ ಬಿಟ್ಟು, ಇಂಡಿಯಾ ಬುಕ್ ಹೌಸ್‌ನ ಮೀರ್‌ಚಂದಾನಿಯವರ ಬೆಂಬಲದಿಂದ ಅಮರ ಚಿತ್ರ ಕಥೆ ಶುರು ಮಾಡುತ್ತಾರೆ. ಬೇರೆ ಪ್ರಕಾಶಕರೆಲ್ಲ ಆಗದೆಂದು ಕೈಚೆಲ್ಲಿದ್ದರು.

ಈ ಕಥೆಯಲ್ಲಿ ಬೆಂಗಳೂರಿನ ಪಾಲು ಬಿಟ್ಟುಹೋಗುತ್ತದೆ. ಅದನ್ನು ನಾವಾದರೂ ಹೇಳಬೇಕು. ದೆಹಲಿಯ ಆ ಸಂಜೆಗೆ ಎರಡು ವರ್ಷ ಮೊದಲೇ, 1965ರಲ್ಲಿ, ಅಮರ ಚಿತ್ರ ಕಥೆಯ ಮೊದಲ ಪುಸ್ತಕಗಳು ಬಂದಿದ್ದವು. ಅವು ಬಂದದ್ದು ಇಂಗ್ಲಿಷಿನಲ್ಲಲ್ಲ, ಕನ್ನಡದಲ್ಲಿ. ಅದರ ಹಿಂದಿದ್ದವರು ಇಂಡಿಯಾ ಬುಕ್ ಹೌಸ್‌ನ ಬೆಂಗಳೂರಿನ ಕೆಲಸ ನೋಡಿಕೊಳ್ಳುತ್ತಿದ್ದ ಜಿ.ಕೆ. ಅನಂತರಾಮ್. ಸಿಂಡ್ರೆಲಾ, ಅಲ್ಲಾದೀನ್, ಪಿನೋಕಿಯೋಗಳಂಥ ಹೊರದೇಶದ ಕಥೆಗಳನ್ನು ಚಿತ್ರಸಮೇತ ಕನ್ನಡಕ್ಕೆ ತಂದರೆ ಮಕ್ಕಳು ಕೊಳ್ಳುತ್ತಾರೆ ಎಂದು ಅವರಿಗೆ ಅನ್ನಿಸಿತ್ತು. ಮಕ್ಕಳು ಕೊಂಡರು. ಮೊದಲ ಹತ್ತು ಸಂಖ್ಯೆಗಳು ಇಂಥ ಕಥೆಗಳಿಗೇ ಹೋದದ್ದರಿಂದ, ಪೈ ಬರೆದು ರಾಮ್ ವಾಯಿರ್‌ಕರ್ ಚಿತ್ರಿಸಿದ 'ಕೃಷ್ಣ' ಸರಣಿಯ 11ನೆಯ ಸಂಖ್ಯೆಯಾಗಿ ಹೊರಬಂತು. ಈ ಹನ್ನೊಂದು ಎಲ್ಲಿಂದ ಬಂತೆಂದು ಕೇಳುತ್ತ ಹೋದರೆ ಬೆಂಗಳೂರಿಗೆ ಬಂದು ಮುಟ್ಟುತ್ತೇವೆ. ಪೈಯವರ ಸಾಧನೆಗೆ ಇದರಿಂದ ಕುಂದೇನಿಲ್ಲ. ಆದರೆ ಚಿತ್ರಕಥೆಯ ಚೌಕದೊಳಗೆ ಭಾರತೀಯ ಭಾಷೆಯೊಂದು ಮಾರುಕಟ್ಟೆಯಲ್ಲಿ ಗೆಲ್ಲಬಲ್ಲದು ಎಂಬ ಧೈರ್ಯ ಆ ಸಂಸ್ಥೆಗೆ ಬಂದದ್ದು ಕನ್ನಡದ ಮಕ್ಕಳಿಂದ. ಕನ್ನಡ ಪುಸ್ತಕೋದ್ಯಮದ ಚರಿತ್ರೆಯಲ್ಲಿ ಅನಂತರಾಮ್ ಅವರಿಗೆ ಇನ್ನೂ ದೊಡ್ಡ ಜಾಗ ಸಿಗಬೇಕು.

ಇನ್ನು ಮುಖ್ಯ ಮಾತಿಗೆ ಬರುತ್ತೇನೆ. ಒಂಟಿ ಮಗುವಿಗೆ ಈ ಪುಸ್ತಕಗಳಲ್ಲಿ ಸಿಕ್ಕಿದ್ದೇನು?

ಮೊದಲಿಗೆ, ತನ್ನಂಥವರು ಸಿಕ್ಕರು. ನಮ್ಮ ಪುರಾಣಗಳಲ್ಲಿ ಒಂಟಿ ಮಕ್ಕಳಿಗೇನೂ ಕೊರತೆಯಿಲ್ಲ. ಮಲತಾಯಿಯ ಮಾತಿಗೆ ಅಪ್ಪನ ತೊಡೆಯಿಂದ ಇಳಿಯಬೇಕಾದ ಧ್ರುವ. ಹುಟ್ಟಿದ ಮೈಯ ಕಾರಣಕ್ಕೆ ಜನಕನ ಸಭೆಯಲ್ಲಿ ನಗೆಪಾಟಲಾದ ಅಷ್ಟಾವಕ್ರ. ತಂದೆಯೇ ಶತ್ರುವಾದ ಪ್ರಹ್ಲಾದ. ಪೆಟ್ಟಿಗೆಯಲ್ಲಿ ನದಿಯ ಪಾಲಾದ ಕರ್ಣ. ಇವರೆಲ್ಲ ಹರಿಕಥೆಯಲ್ಲೂ ಯಕ್ಷಗಾನದಲ್ಲೂ ಮೊದಲಿನಿಂದ ಇದ್ದವರೇ. ಆದರೆ ಅಲ್ಲಿ ಮಗು ಸಭೆಯ ನಡುವೆ ಕೂತು ಅವರನ್ನು ಕೇಳಬೇಕಿತ್ತು. ದೊಡ್ಡವರು ಭಕ್ತಿಗೆ ಕೈಮುಗಿದರೆ ತಾನೂ ಕೈಮುಗಿಯಬೇಕಿತ್ತು. ಮೂವತ್ತೆರಡು ಪುಟದ ಪುಸ್ತಕ ಬಂದಮೇಲೆ ಧ್ರುವ ಬರೀ ಆ ಮಗುವಿಗೆ ಸೇರಿದವನಾದ. ತೊಡೆಯಿಂದ ಇಳಿದ ಹುಡುಗನ ಮುಖದ ಚೌಕದ ಮೇಲೆ ಎಷ್ಟು ಹೊತ್ತು ಬೇಕಾದರೂ ನಿಲ್ಲಬಹುದು, ಮುಂದಿನ ಪುಟದ ವಿಷ್ಣು ದರ್ಶನಕ್ಕೆ ಅವಸರವಿಲ್ಲ. ಅಳಬೇಕೆನಿಸಿದರೆ ನೋಡುವವರೂ ಇಲ್ಲ. ಚಿತ್ರಪುಸ್ತಕದ ದೊಡ್ಡ ಶಕ್ತಿ ಇದು. ಎಲ್ಲಿ ತಡೆದು ನಿಲ್ಲಬೇಕೆಂದು ತೀರ್ಮಾನಿಸುವುದು ಮಗು.

ಈ ಬಗೆಯ ಸಮಾಧಾನಕ್ಕೂ ಮಿಗಿಲಾದದ್ದು 1980ರಲ್ಲಿ ಬಂತು. ಅಮರ ಚಿತ್ರ ಕಥೆಯ ಸಹ ಸಂಪಾದಕರಾಗಿದ್ದ ಸುಬ್ಬರಾವ್ ಅವರ ಸಲಹೆಯಂತೆ ಪೈ 'ಟಿಂಕಲ್' ಶುರು ಮಾಡಿದರು. ಅದು ಇಂಗ್ಲಿಷ್ ಪತ್ರಿಕೆ. ಕನ್ನಡ ಮಾಧ್ಯಮದ ಮಕ್ಕಳು ಅಕ್ಷರ ಕೂಡಿಸಿಕೊಂಡು, ಅರ್ಧ ಚಿತ್ರದಿಂದ, ಅರ್ಧ ಊಹೆಯಿಂದ ಓದಿದರು. ಎಷ್ಟೋ ಮಕ್ಕಳಿಗೆ ಇಂಗ್ಲಿಷಿನ ಭಯ ಬಿಟ್ಟದ್ದು ಶಾಲೆಯಲ್ಲಲ್ಲ, ಈ ಪುಟಗಳಲ್ಲಿ. ಮೂರು ವರ್ಷ ಕಳೆಯುವಷ್ಟರಲ್ಲಿ ಅದರಲ್ಲಿ ಬಂದ ಪಾತ್ರಗಳನ್ನು ಈಗ, ವಯಸ್ಸಾದ ಮೇಲೆ, ಒಟ್ಟಿಗೆ ಇಟ್ಟು ನೋಡಿದರೆ ಅವರ ಕಥೆಗಾರಿಕೆಯ ಮರ್ಮ ಕಾಣುತ್ತದೆ. ಒಬ್ಬನೂ ಶೂರನಲ್ಲ.

ಸುಪ್ಪಾಂಡಿಯನ್ನೇ ನೋಡಿ. ತಿರುಚ್ಚಿಯ ಓದುಗರೊಬ್ಬರು ಕಳಿಸಿದ ತಮಿಳು ಜನಪದ ಕಥೆಗಳಿಂದ 1983ರಲ್ಲಿ ಹುಟ್ಟಿದವನು. ಚಿತ್ರ ರಾಮ್ ವಾಯಿರ್‌ಕರ್ ಅವರದು. ಕೃಷ್ಣನ ಮುದ್ದು ಮುಖ ಬರೆದ ಕೈಯೇ ಈ ಉದ್ದ ತಲೆಯ ಪೆದ್ದನನ್ನೂ ಬರೆಯಿತು. ನಮ್ಮ ಗಾಂಪರ ಗುಂಪಿನ ನೆಂಟ ಎನ್ನಬಹುದು. ಧಣಿ ಹೇಳಿದ್ದನ್ನು ಹೇಳಿದಂತೆಯೇ ಮಾಡುತ್ತಾನೆ, ಅದಕ್ಕೇ ಕೆಲಸ ಕೆಡುತ್ತದೆ, ಬೈಸಿಕೊಳ್ಳುತ್ತಾನೆ. ಎಷ್ಟೋ ಸಲ ಕೆಲಸವೇ ಹೋಗುತ್ತದೆ. ಆದರೆ ಮುಂದಿನ ಸಂಚಿಕೆಯಲ್ಲಿ ಸುಪ್ಪಾಂಡಿ ಇದ್ದೇ ಇರುತ್ತಾನೆ. ಹೊಸ ಧಣಿ, ಹೊಸ ಕೆಲಸ, ಅದೇ ಹಸನ್ಮುಖ. ತರಗತಿಯಲ್ಲಿ ಉತ್ತರ ತಪ್ಪು ಹೇಳಿ ಎಲ್ಲರ ಮುಂದೆ ನಗೆಗೀಡಾಗಿ ಬಂದ ಮಗುವಿಗೆ ಇದಕ್ಕಿಂತ ಹೆಚ್ಚಿನದನ್ನು ಯಾವ ಕಥೆ ಕೊಡಬಲ್ಲದು? ತಪ್ಪು ಮಾಡಿದವನಿಗೆ ನಾಳೆ ಇದೆ ಎಂದು ಯಾರೂ ಬಾಯಿಬಿಟ್ಟು ಹೇಳುವುದಿಲ್ಲ, ಅವನು ಬರುತ್ತಲೇ ಇರುತ್ತಾನೆ ಅಷ್ಟೆ.

ಶಿಕಾರಿ ಶಂಭು ಅದೇ ವರ್ಷದವನು. ಕಥೆ ಲೂಯಿಸ್ ಫರ್ನಾಂಡಿಸ್, ಚಿತ್ರ ವಸಂತ್ ಹಲ್ಬೆ. ಅವನ ಕಣ್ಣನ್ನು ಓದುಗರು ನೋಡಿಲ್ಲ, ಟೋಪಿ ಮೂಗಿನವರೆಗೆ ಇಳಿದಿರುತ್ತದೆ. ಊರಿಗೆಲ್ಲ ಮಹಾ ಬೇಟೆಗಾರ, ಒಳಗೆ ಪುಕ್ಕಲ. ಹುಲಿಯ ಗುರುಗುಟ್ಟು ಕೇಳಿದರೆ ಓಟ ಕೀಳುತ್ತಾನೆ. ಓಡುವಾಗ ಎಡವಿ, ಜಾರಿ, ಯಾವುದೋ ಕೊಂಬೆ ಮುರಿದು ಪ್ರಾಣಿ ತಾನಾಗಿ ಸಿಕ್ಕಿಬೀಳುತ್ತದೆ. ಕತ್ತಲಾದರೆ ಹಿತ್ತಲಿನ ಬಚ್ಚಲಿಗೆ ಹೋಗಲು ಹೆದರುವ ಮಗುವಿಗೆ ಶಂಭುವಿನ ಗುಟ್ಟು ಗೊತ್ತು, ಊರಿನ ದೊಡ್ಡವರಿಗೆ ಗೊತ್ತಿಲ್ಲ. ಆ ಗುಟ್ಟನ್ನು ಕಾಪಾಡುವುದೇ ಒಂದು ಗೆಳೆತನ. ಕಣ್ಣು ಕಾಣದಂತೆ ಚಿತ್ರಿಸಿದ ಹಲ್ಬೆಯವರ ಜಾಣ್ಮೆಯೂ ಇಲ್ಲೇ ಇದೆ. ಭಯ ಕಾಣುವುದು ಮೊದಲು ಕಣ್ಣಿನಲ್ಲಿ, ಅದನ್ನೇ ಅವರು ಮುಚ್ಚಿಬಿಟ್ಟರು. ಓದುವ ಮಗು ತನ್ನ ಕಣ್ಣನ್ನು ಅಲ್ಲಿ ಇಟ್ಟುಕೊಳ್ಳಬಹುದು.

ಕಾಲಿಯಾ ಎಂಬ ಕಾಗೆಯ ವಿಷಯದಲ್ಲಿ ಪೈ ಬಳಗ ಇನ್ನೂ ಒಂದು ಹೆಜ್ಜೆ ಮುಂದೆ ಹೋಯಿತು. ಕಾಗೆಯನ್ನು ಯಾರು ಸಾಕುತ್ತಾರೆ? ಶ್ರಾದ್ಧದ ದಿನ ಬಿಟ್ಟರೆ ಕೂಗಿ ಕರೆಯುವವರಿಲ್ಲ. ಅಂಥ ಹಕ್ಕಿ ಮರದ ಮೇಲೆ ಕೂತು ಕೀಚು, ಮೀಚು ಎಂಬ ಎರಡು ಮೊಲದ ಮರಿಗಳನ್ನು ಚಮಟಕ ನರಿಯಿಂದ, ದೂಬ್ ದೂಬ್ ಮೊಸಳೆಯಿಂದ ಕಾಯುತ್ತದೆ. ಸಂಚಿಕೆಯಿಂದ ಸಂಚಿಕೆಗೆ ಅದೇ ಕಾಡು, ಅದೇ ಮರ, ಅದೇ ಅಪಾಯ, ಅದೇ ರಕ್ಷಣೆ. ದೊಡ್ಡವರಿಗೆ ಇದು ಒಂದೇ ರಾಗ ಅನ್ನಿಸಬಹುದು. ಮನೆಯಲ್ಲಿ ಒಬ್ಬರೇ ಇರುವ ಮಕ್ಕಳಿಗೆ ಬೇಕಾದದ್ದು ಅದೇ. ಮೇಲಿನಿಂದ ಯಾರೋ ನೋಡುತ್ತಿದ್ದಾರೆ, ನರಿ ಬಾಗಿಲಿಗೆ ಬರುವ ಮೊದಲೇ ಕೂಗುತ್ತಾರೆ ಎಂಬ ಭರವಸೆ ಪ್ರತಿ ಸಲವೂ ನಿಜವಾಗಬೇಕು, ಒಂದು ಸಲವೂ ತಪ್ಪಬಾರದು.

ಹೊರಗಿನ ಜಗತ್ತಿನ ದೊಡ್ಡ ಉದಾಹರಣೆಯೊಂದನ್ನು ಪಕ್ಕದಲ್ಲಿಟ್ಟರೆ ಇದು ಇನ್ನೂ ಸ್ಪಷ್ಟವಾಗುತ್ತದೆ. ಫಿನ್ಲೆಂಡಿನ ತೂವೆ ಯಾನ್ಸನ್ ತಾವೇ ಬರೆದು ತಾವೇ ಚಿತ್ರಿಸಿದ ಮೂಮಿನ್ ಕಥೆಗಳಲ್ಲಿ ನಿನ್ನಿ ಎಂಬ ಹುಡುಗಿ ಬರುತ್ತಾಳೆ. ನೋಡಿಕೊಳ್ಳುವವಳ ಚುಚ್ಚುಮಾತಿಗೆ ಸೊರಗಿ ಸೊರಗಿ ಅವಳು ಯಾರಿಗೂ ಕಾಣದವಳಾಗಿಬಿಟ್ಟಿದ್ದಾಳೆ. ಮೂಮಿನ್ ಮನೆಯವರು ಅವಳನ್ನು ಒಳಗೆ ಕರೆದುಕೊಂಡು ತಮ್ಮ ಪಾಡಿಗೆ ಸಂಸಾರ ನಡೆಸುತ್ತಾರೆ. ಮೊದಲು ಪಾದ, ಆಮೇಲೆ ಕಾಲು, ಹೀಗೆ ಅವಳು ಮರಳಿ ಕಾಣತೊಡಗುತ್ತಾಳೆ. ಯಾನ್ಸನ್ ಒಂಟಿತನವನ್ನು ನೇರವಾಗಿ ಎದುರು ಕೂರಿಸಿಕೊಂಡು ಮಾತಾಡಿಸಿದರು. ಪೈ ಮತ್ತು ಅವರ ಬಳಗ ಆ ಹಾದಿ ಹಿಡಿಯಲಿಲ್ಲ. ಅವರ ಪುಟಗಳಲ್ಲಿ ಒಂಟಿತನ ಎಂಬ ಶಬ್ದವೇ ಬರುವುದಿಲ್ಲ. ಬಾಗಿಲು ತೆರೆದಿಟ್ಟು, ಒಳಗೆ ಪೆದ್ದರು, ಪುಕ್ಕಲರು, ಕಾಗೆಗಳು ಸುಖವಾಗಿರುವುದನ್ನು ತೋರಿಸಿದರು. ನೀನೂ ಬಾ ಎಂದು ಕರೆಯುವ ಅಗತ್ಯವೇ ಬೀಳಲಿಲ್ಲ.

ಆದರೂ ಅವರು ಕರೆದರು. ಅದು ಅವರ ಕೆಲಸದ ಅತ್ಯಂತ ದೊಡ್ಡ ಭಾಗ ಎಂದು ನಾನು ನಂಬುತ್ತೇನೆ. ಟಿಂಕಲ್‌ನ ಕಥೆಗಳಲ್ಲಿ ಬಹಳಷ್ಟನ್ನು ಕಳಿಸಿದವರು ಓದುಗರು. ತಮ್ಮ ಊರಲ್ಲಿ, ತಮ್ಮ ಅಜ್ಜಿಯಿಂದ ಕೇಳಿದ ಕಥೆ ಬರೆದು ಕಳಿಸಿದರೆ ಸಂಪಾದಕ ಬಳಗ ಅದನ್ನು ತಿದ್ದಿ, ಚಿತ್ರ ಬರೆಸಿ, ಇಂಥ ಊರಿನ ಇಂಥವರು ಕಳಿಸಿದ್ದು ಎಂದು ಹೆಸರಿನ ಸಮೇತ ಅಚ್ಚು ಹಾಕುತ್ತಿತ್ತು. ಹಾಗೆ ಅಚ್ಚಾದ ಪುಟದ ಅಡಿಯಲ್ಲಿ ಸಣ್ಣ ಅಕ್ಷರದ ಆ ಒಂದು ಸಾಲನ್ನು ನಾವು ಕಥೆಗಿಂತ ಮೊದಲೇ ಓದುತ್ತಿದ್ದೆವು. ನಮ್ಮ ಕಡೆಯ ಊರಿನ ಹೆಸರು ಸಿಕ್ಕಿತೆಂದರೆ ಕುಣಿದಾಟ. ಊರಲ್ಲಿ ಉಳಿದ ಅಜ್ಜಿಯ ಕಥೆಗೆ ಬೆಲೆಯಿದೆ, ಅದನ್ನು ನೆನಪಿಟ್ಟುಕೊಂಡ ಮೊಮ್ಮಗುವಿಗೂ ಬೆಲೆಯಿದೆ, ದೂರದ ಮುಂಬಯಿಯಲ್ಲಿ ಯಾರೋ ನಮ್ಮ ಕಾಗದ ಬಿಚ್ಚಿ ಓದುತ್ತಾರೆ ಎಂಬುದು ಆ ಸಾಲಿನಲ್ಲಿತ್ತು.

ಅಂಕಲ್ ಪೈ ಹೆಸರಿಗೆ ದೇಶದ ಮೂಲೆಮೂಲೆಯಿಂದ ಕಾಗದಗಳು ರಾಶಿ ಬೀಳುತ್ತಿದ್ದವು. ಪರೀಕ್ಷೆಯ ಭಯ, ಗೆಳೆಯರಿಲ್ಲದ ಬೇಸರ, ತಂಗಿಯ ಜೊತೆ ಜಗಳ, ಎಲ್ಲವನ್ನೂ ಹೇಳಿಕೊಳ್ಳಲು ಒಬ್ಬ ಮಾಮ ಸಿಕ್ಕಂತಾಗಿತ್ತು ಮಕ್ಕಳಿಗೆ. ಪೈ ಮತ್ತು ಅವರ ಪತ್ನಿ ಲಲಿತಾ ಅವರಿಗೆ ಸ್ವಂತ ಮಕ್ಕಳಿರಲಿಲ್ಲ. 1978ರಲ್ಲಿ ಅವರು ಮಕ್ಕಳ ವ್ಯಕ್ತಿತ್ವ ವಿಕಾಸಕ್ಕೆಂದು ಪಾರ್ಥ ಎಂಬ ಸಂಸ್ಥೆ ಕಟ್ಟಿದರು, ಆತ್ಮವಿಶ್ವಾಸ ಬೆಳೆಸಿಕೊಳ್ಳುವುದು ಹೇಗೆ ಎಂಬ ಬಗ್ಗೆಯೂ ಪುಸ್ತಕ ಬರೆದರು. ಆ ಬಗೆಯ ಪುಸ್ತಕಗಳು ನನಗೆ ಅಷ್ಟಾಗಿ ಹಿಡಿಸುವುದಿಲ್ಲ. ಅವುಗಳಲ್ಲಿ ಹೇಳಿದ್ದನ್ನೆಲ್ಲ ಸುಪ್ಪಾಂಡಿ ಹೇಳದೆಯೇ ಹೇಳಿಬಿಟ್ಟಿದ್ದಾನೆ. ಆದರೆ ಮಕ್ಕಳ ಅಂಜಿಕೆಯನ್ನು ಅವರು ಎಷ್ಟು ಗಂಭೀರವಾಗಿ ತೆಗೆದುಕೊಂಡಿದ್ದರು ಎಂಬುದಕ್ಕೆ ಅವು ಸಾಕ್ಷಿ.

ಇಷ್ಟು ಪ್ರೀತಿಯಿಂದ ಬರೆಯುವಾಗಲೂ ಬಿಡಬಾರದ ಮಾತೊಂದಿದೆ. ಅಮರ ಚಿತ್ರ ಕಥೆಯ ಚೌಕಗಳಲ್ಲಿ ಜಾಗ ಸಿಗದ ಮಕ್ಕಳೂ ಇದ್ದರು. ದೇವತೆಗಳು, ರಾಜರು, ರಾಜಕುಮಾರಿಯರು ಬಿಳಿಗೆಂಪು. ಅಸುರರು, ಬೇಡರು, ಸೇವಕರು ಕಪ್ಪು, ದಪ್ಪ ತುಟಿ, ಕೆದರಿದ ಕೂದಲು. ನಮ್ಮ ಬೀದಿಯ ಮುಕ್ಕಾಲು ಪಾಲು ಮಕ್ಕಳ ಬಣ್ಣ ಆ ಎರಡನೆಯ ಸಾಲಿನದು. ಪುಸ್ತಕದ ತುಂಬ ತನ್ನ ಮೈಬಣ್ಣದವರು ಕೋರೆಹಲ್ಲು ಬಿಟ್ಟು ನಿಂತಿರುವುದನ್ನು ನೋಡಿದ ಹುಡುಗಿಗೆ ಒಂಟಿತನ ಕಡಿಮೆಯಾಗುತ್ತದೆಯೇ, ಹೆಚ್ಚಾಗುತ್ತದೆಯೇ? ಹೆಣ್ಣುಮಕ್ಕಳ ಕಥೆಗಳಲ್ಲಿ ಸಹನೆ, ತ್ಯಾಗಗಳಿಗೆ ಸಿಕ್ಕ ಮನ್ನಣೆಯ ಬಗ್ಗೆಯೂ ವಿದ್ವಾಂಸರು ವಿವರವಾಗಿ ಬರೆದಿದ್ದಾರೆ. ನಂದಿನಿ ಚಂದ್ರ, ಕಾರ್ಲೈನ್ ಮೆಕ್ಲೇನ್ ಅವರ ಪುಸ್ತಕಗಳು ಈ ಸರಣಿಯನ್ನೇ ಕುರಿತವು. ಅವರ ಆಕ್ಷೇಪಗಳನ್ನು ನಾನು ಒಪ್ಪುತ್ತೇನೆ. ಮಕ್ಕಳ ಪುಸ್ತಕ ಎಂಬ ಕಾರಣಕ್ಕೆ ರಿಯಾಯಿತಿ ಕೊಡಲಾಗದು, ಮಕ್ಕಳ ಪುಸ್ತಕವಾದ್ದರಿಂದಲೇ ಕೊಡಲಾಗದು.

ಹಾಗೆಂದು ಆ ಸರಣಿಯಲ್ಲಿ ಬೇರೆ ದನಿ ಇರಲೇ ಇಲ್ಲ ಎನ್ನುವಂತಿಲ್ಲ. ಬಾಬಾಸಾಹೇಬ್ ಅಂಬೇಡ್ಕರ್ ಅವರ ಕಥೆ 1979ರಷ್ಟು ಹಿಂದೆಯೇ ಅದರಲ್ಲಿ ಬಂತು. ನೀರಿಗಾಗಿ ಬಾಯಾರಿ ನಿಂತ, ಮುಟ್ಟಬಾರದೆಂದು ದೂರ ಇಟ್ಟ ಬಾಲಕ ಭೀಮನ ಚಿತ್ರ ಆ ಪುಸ್ತಕದಲ್ಲಿದೆ. ಶಾಲೆಯಲ್ಲಿ ಒಂಟಿಯಾಗಿ ಕೂರಿಸಲ್ಪಟ್ಟ ಮಗು ಇಡೀ ದೇಶಕ್ಕೆ ಸಂವಿಧಾನ ಬರೆಯುವವರೆಗೆ ಬೆಳೆದದ್ದನ್ನು ಬಣ್ಣದ ಚಿತ್ರಗಳಲ್ಲಿ ನೋಡುವ ಅವಕಾಶ ಅದಕ್ಕೂ ಮೊದಲು ನಮ್ಮ ಎಷ್ಟು ಮಕ್ಕಳಿಗೆ ಇತ್ತು? ಧ್ರುವನನ್ನು ಅಪ್ಪನ ತೊಡೆಯಿಂದ ಇಳಿಸಿದರು, ಭೀಮನನ್ನು ಊರಿನ ಬಾವಿಯಿಂದಲೇ ದೂರವಿಟ್ಟರು. ಎರಡನೆಯ ಕಥೆ ಪುರಾಣವಲ್ಲ, ಅದನ್ನು ಓದಿದ ಮಗುವಿನ ಮನೆಯಲ್ಲೂ ನಡೆದಿರಬಹುದಾದದ್ದು. ಇಂಥ ಪುಸ್ತಕಗಳು ಆ ಸರಣಿಯಲ್ಲಿ ಇನ್ನೂ ಬಹಳ ಬರಬೇಕಿತ್ತು.

ಪೈ ತೀರಿಕೊಂಡದ್ದು 2011ರ ಫೆಬ್ರುವರಿ 24ರಂದು, ಹೃದಯಾಘಾತದಿಂದ. ಐದು ದಿನ ಮೊದಲಷ್ಟೇ ದೆಹಲಿಯಲ್ಲಿ ನಡೆದ ಮೊದಲ ಕಾಮಿಕ್ ಕಾನ್ ಅವರಿಗೆ ಜೀವಮಾನ ಸಾಧನೆಯ ಗೌರವ ಕೊಟ್ಟಿತ್ತು. ಅಮರ ಚಿತ್ರ ಕಥೆ ಅಷ್ಟರಲ್ಲಿ ನಾನೂರಕ್ಕೂ ಹೆಚ್ಚು ಶೀರ್ಷಿಕೆಗಳಾಗಿ, ಇಪ್ಪತ್ತಕ್ಕೂ ಹೆಚ್ಚು ಭಾಷೆಗಳಿಗೆ ಹೋಗಿತ್ತು. ವಾಯಿರ್‌ಕರ್ 2003ರಲ್ಲೇ ಹೋಗಿಬಿಟ್ಟಿದ್ದರು. ಸುಪ್ಪಾಂಡಿಯನ್ನು ಈಗ ಚಿತ್ರಿಸುತ್ತಿರುವವರು ಅವರ ಮಗಳು ಅರ್ಚನಾ ಅಂಬೇರ್‌ಕರ್. ಹಲ್ಬೆಯವರ ನಂತರ ಶಂಭುವಿನ ಟೋಪಿ ಸಾವಿಯೋ ಮಸ್ಕರೇನಸ್ ಅವರ ಕೈಗೆ ಬಂತು. ಕೋವಿ ಹಿಡಿಯುತ್ತಿದ್ದ ಶಂಭು ಕಾಲಕ್ಕೆ ತಕ್ಕಂತೆ ವನ್ಯಜೀವಿಗಳನ್ನು ಕಾಪಾಡುವವನಾದ. ಪುಕ್ಕಲುತನ ಮಾತ್ರ ಹಾಗೇ ಉಳಿದಿದೆ, ಉಳಿಯಲೇಬೇಕು.

ನಮ್ಮ ಬಾಡಿಗೆ ಪುಸ್ತಕದಂಗಡಿಗಳು ಹೋದವು. ಕೇಬಲ್ ಟೀವಿ ಬಂದಾಗ ಅರ್ಧ, ಮೊಬೈಲು ಬಂದಾಗ ಉಳಿದರ್ಧ. ಅವು ಇದ್ದ ಜಾಗದಲ್ಲಿ ಈಗ ರೀಚಾರ್ಜ್ ಅಂಗಡಿ, ಬೇಕರಿ, ಪಾರ್ಲರ್. ವಿಜಯನಗರದ ಮೇಲೆ 2015ರಿಂದ ಮೆಟ್ರೋ ಓಡುತ್ತಿದೆ, 2021ರಲ್ಲಿ ಅದು ಕೆಂಗೇರಿ ಮುಟ್ಟಿತು. ಅಮ್ಮಂದಿರು ಅರ್ಧ ಗಂಟೆ ಬೇಗ ಮನೆ ಸೇರುವಂತಾಯಿತು, ಅದು ಸಣ್ಣ ಉಪಕಾರವಲ್ಲ. ಹಂಪಿನಗರದ ಸಾರ್ವಜನಿಕ ಗ್ರಂಥಾಲಯ ಈಗಲೂ ಇದೆ, ಆದರೆ ಅಲ್ಲಿ ಹೆಚ್ಚು ಕಾಣುವುದು ಸ್ಪರ್ಧಾತ್ಮಕ ಪರೀಕ್ಷೆಗೆ ಓದುವ ಹುಡುಗ ಹುಡುಗಿಯರು. ಕೆಂಗೇರಿ ಆಚೆಯ ಅಪಾರ್ಟ್‌ಮೆಂಟುಗಳಲ್ಲಿ ಮಗುವಿನ ಕೈಯಲ್ಲಿ ಬೀಗದ ಕೈ ಬದಲು ಫೋನು ಇದೆ. ಫೋನು ಬೇಸರ ಕಳೆಯುತ್ತದೆ, ಜೊತೆ ಕೊಡುವುದಿಲ್ಲ. ಪರದೆಯ ಕಥೆ ಮಗುವನ್ನು ನಿಲ್ಲಲು ಬಿಡದೆ ಮುಂದಿನದಕ್ಕೆ ಎಳೆದೊಯ್ಯುತ್ತದೆ. ಧ್ರುವನ ಮುಖದ ಮೇಲೆ ನಿಂತ ಆ ಬಿಡುವು ಅದರಲ್ಲಿಲ್ಲ.

ಹೊಸ ಜೊತೆಗಾರರು ಇಲ್ಲದಿಲ್ಲ. ತಾವೇ ಬರೆದು ತಾವೇ ಚಿತ್ರಿಸುವ ರಾಜೀವ್ ಐಪ್ ಬೆಂಗಳೂರಿನಲ್ಲೇ ಇದ್ದಾರೆ. ಪ್ರಥಮ್ ಬುಕ್ಸ್‌ಗಾಗಿ ಅವರು ಮಾಡಿದ 'ಅಮ್ಮಚ್ಚೀಸ್ ಅಮೇಜಿಂಗ್ ಮಷೀನ್ಸ್' ಎಂಬ ಪುಸ್ತಕದಲ್ಲಿ ಸೂರಜ್ ಎಂಬ ಹುಡುಗ ಮತ್ತು ಅವನ ಅಜ್ಜಿ ಸೇರಿ ಕೊಬ್ಬರಿ ಬರ್ಫಿ ಮಾಡುತ್ತಾರೆ. ಅಜ್ಜಿ ಯಂತ್ರ ಕಟ್ಟುವವಳು. ರಾಟೆ, ಸನ್ನೆ, ಇಳಿಜಾರು ಹಲಗೆ, ಮನೆಯಲ್ಲಿ ಸಿಕ್ಕ ಸಾಮಾನಿನಲ್ಲೇ ಎಲ್ಲ. ಕಥೆಯ ಬಹುಪಾಲು ಇವರಿಬ್ಬರದೇ. ಪುಟದ ಮೂಲೆಮೂಲೆಯಲ್ಲಿ ಏನೋ ಒಂದು ನಡೆಯುತ್ತಿರುತ್ತದೆ, ಮಗು ಹುಡುಕುತ್ತ ಕೂರಬಹುದು. ಅವರದೇ ಇನ್ನೊಂದು ಪುಸ್ತಕದ ನಾಯಕ ಆನಂದ್, ಬೆಳಗಿನ ಕಸ ಎತ್ತುವವನು. ನಮ್ಮ ಬೀದಿಯ ಬಣ್ಣ, ನಮ್ಮ ಬೀದಿಯ ಕೆಲಸ, ಅದರಲ್ಲಿರುವ ಲವಲವಿಕೆ ಕೊನೆಗೂ ಚಿತ್ರಪುಸ್ತಕದ ನಡುಪುಟಕ್ಕೆ ಬಂದಿದೆ. ಹಿಂದಿನವರು ಅಂಚಿಗೆ ತಳ್ಳಿದವರನ್ನು ಇವರು ನಡುವೆ ನಿಲ್ಲಿಸಿದ್ದಾರೆ.

ಬೆಂಗಳೂರಿನಲ್ಲೇ 2004ರಲ್ಲಿ ಶುರುವಾದ ಪ್ರಥಮ್ ಬುಕ್ಸ್ 2015ರಲ್ಲಿ ಸ್ಟೋರಿವೀವರ್ ಎಂಬ ಅಂತರ್ಜಾಲ ಗ್ರಂಥಾಲಯ ತೆರೆಯಿತು. ಕನ್ನಡದ ಪುಸ್ತಕಗಳೂ ಅಲ್ಲಿ ಬಿಟ್ಟಿ ಸಿಗುತ್ತವೆ. ಆದರೆ ನನ್ನ ಗಮನ ಸೆಳೆದದ್ದು ಅದರ ಇನ್ನೊಂದು ಅನುಕೂಲ. ಚಿತ್ರಕಾರರು ಬರೆದ ಚಿತ್ರಗಳನ್ನು ಅಲ್ಲಿ ಪ್ರತ್ಯೇಕವಾಗಿ ಇಟ್ಟಿದ್ದಾರೆ, ಯಾರು ಬೇಕಾದರೂ ಬಳಸಬಹುದು. ಕೆಂಗೇರಿಯ ಮನೆಯಲ್ಲಿ ಸಂಜೆ ಒಬ್ಬಳೇ ಇರುವ ಹುಡುಗಿ, ದೊಡ್ಡವರ ಸಹಾಯದಿಂದ ಒಮ್ಮೆ ಒಳಹೊಕ್ಕರೆ ಸಾಕು, ತನಗೆ ಬೇಕಾದ ಚಿತ್ರಗಳನ್ನು ಆರಿಸಿ ಸಾಲಾಗಿ ಜೋಡಿಸಬಹುದು. ಪ್ರತಿ ಚಿತ್ರದ ಕೆಳಗೆ ಕನ್ನಡದಲ್ಲಿ ತನ್ನದೇ ಕಥೆ ಬರೆಯಬಹುದು. ರಜೆಯಲ್ಲಿ ಊರಿಗೆ ಹೋದಾಗ ಅಜ್ಜಿ ಹೇಳಿದ್ದೇ ಆಗಬಹುದು. ಪುಸ್ತಕ ಸಿದ್ಧವಾದಾಗ ಚಿತ್ರಕಾರರ ಹೆಸರಿನ ಜೊತೆಗೆ ಬರೆದವರು ಎಂಬಲ್ಲಿ ಅವಳ ಹೆಸರು ಬರುತ್ತದೆ.